ಹಾರ್ಡ್ ಡಿಸ್ಕ್ ಸತ್ತ ಪುಟ್ಟ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ನಲ್ಲಿ ಲಿನಕ್ಸ್: ಬೆಳಗಾದರೆ ಟೈಪು ಮಾಡಿದ್ದೆಲ್ಲ ಮಾಯ

ಸೊರಬದ ಟೈಪಿಸ್ಟ್:

ಎಲ್ಲರಿಗೂ ನಮಸ್ಕಾರ. ಸೊರಬದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಬಾಡಿಗೆ ಕರಾರು, ಅಫಿಡವಿಟ್ಟು, ಮದುವೆ ಕಾಗದದ ಮಜಕೂರು, ಇವೇ ನನ್ನ ಅನ್ನ. ಅಂಗಡಿಯಲ್ಲಿರುವುದು ಒಂದೇ ಕಂಪ್ಯೂಟರ್. ಮಧ್ಯಾಹ್ನವಾದರೆ ಮಗ ಆನ್‌ಲೈನ್ ಅರ್ಜಿ ತುಂಬುವುದಕ್ಕೆಂದು ಅದನ್ನು ಹಿಡಿದುಕೊಂಡು ಕೂರುತ್ತಾನೆ, ನಾನು ಕೈ ಕಟ್ಟಿಕೊಂಡು ಕೂರುತ್ತೇನೆ.

ಮೊನ್ನೆ ಅಟ್ಟ ಗುಡಿಸುವಾಗ 2009ರಲ್ಲಿ ತಮ್ಮ ಕೊಡಿಸಿದ್ದ ಹತ್ತು ಇಂಚಿನ ಪುಟ್ಟ ಲ್ಯಾಪ್‌ಟಾಪ್ ಸಿಕ್ಕಿತು. ಇಂಟೆಲ್ ಆಟಮ್ ಎನ್270, 1 ಜಿಬಿ ರ‍್ಯಾಮ್. ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿದೆ. ಪ್ಲಗ್ ಕಿತ್ತರೆ ಅಲ್ಲಿಗೇ ಕಣ್ಣು ಮುಚ್ಚುತ್ತದೆ. ಹಾರ್ಡ್ ಡಿಸ್ಕ್ ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಬರುತ್ತದೆ, ವಿಂಡೋಸ್ ಮೇಲೇಳುವುದಿಲ್ಲ. ಹೊಸ ಡಿಸ್ಕ್ ಹಾಕಿಸಿ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹಿಂದೊಮ್ಮೆ ರಿಪೇರಿಗೆ ಕೊಟ್ಟಾಗ ಎಡಗಡೆಯ ಹಿಂಜ್ ಮುರಿದು, ತುಕ್ಕು ಹಿಡಿದ ಸ್ಕ್ರೂಗಳ ತಲೆ ಸವೆಸಿ ವಾಪಸು ಕೊಟ್ಟಿದ್ದರು. ಇನ್ನು ಅದನ್ನು ಬಿಚ್ಚಿಸುವುದಿಲ್ಲ.

ಅಕ್ಕನ ಮಗ ಪೆನ್‌ಡ್ರೈವ್‌ಗೆ ವಿಂಡೋಸ್ ಬದಲು ಓಡುವ ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಟ್ಟ. ಕಪ್ಪು ಪರದೆಯಲ್ಲಿ, ಈ ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಎಕ್ಸ್86-64 ಸಿಪಿಯು ಬೇಕು, ಇಲ್ಲಿರುವುದು ಐ686 ಎಂದು ಬರೆದು ನಿಂತುಬಿಟ್ಟಿತು. ಆಮೇಲೆ ಆಂಟಿಎಕ್ಸ್ 23 ಎಂಬ ಇನ್ನೊಂದು ಹಗುರ ಲಿನಕ್ಸಿನ 32 ಬಿಟ್ ಆವೃತ್ತಿಯನ್ನು ಎಚರ್ ಎಂಬ ತಂತ್ರಾಂಶದಿಂದ ಬರೆದುಕೊಟ್ಟ. ಅದು ಚೆನ್ನಾಗಿ ಬಂತು. ಮುದುಕಿಗೆ ಹೊಸ ಕನ್ನಡಕ ಕೊಟ್ಟ ಹಾಗೆ ಆಯಿತು. ಕನ್ನಡ ಅಕ್ಷರ ಹಾಕಿಕೊಂಡೆ, ರಾತ್ರಿ ಒಂಬತ್ತರ ತನಕ ಕೂತು ಎಂಟು ಅಫಿಡವಿಟ್ಟು ಟೈಪು ಮಾಡಿದೆ, ಸೇವ್ ಮಾಡಿದೆ, ಮರ್ಯಾದೆಯಿಂದ ಶಟ್‌ಡೌನ್ ಮಾಡಿದೆ. ಬೆಳಗ್ಗೆ ತೆರೆದರೆ ಒರೆಸಿದ ಸ್ಲೇಟು. ಅಫಿಡವಿಟ್ಟೂ ಇಲ್ಲ, ಕನ್ನಡವೂ ಇಲ್ಲ, ವೈಫೈ ಪಾಸ್‌ವರ್ಡೂ ಇಲ್ಲ.

ಬರೆದದ್ದು ಉಳಿಯಬೇಕಾದರೆ ಏನು ಮಾಡಬೇಕು? ನನ್ನ ಬೆರಳುಗಳಿಗೆ ನುಡಿ ಕೀಲಿಮಣೆ ಬಿಟ್ಟರೆ ಬೇರೆ ಗೊತ್ತಿಲ್ಲ, ಅದಕ್ಕೇನು ದಾರಿ? ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟು ಗಂಟೆಗೊಮ್ಮೆ ಕಣ್ಣು ಮಿಟುಕಿಸುತ್ತದೆ ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ. ಕೈಯಲ್ಲಿ ಎರಡು ಪೆನ್‌ಡ್ರೈವ್ ಇವೆ: ಹಳೆಯದೊಂದು 16 ಜಿಬಿ, ಇನ್ನೊಂದು ಬಸ್ ನಿಲ್ದಾಣದ ಹತ್ತಿರ 300 ರೂಪಾಯಿಗೆ ಕೊಂಡ 256 ಜಿಬಿ.

ಹಾಸ್ಟೆಲ್ ಕೋಣೆ 17:

ಮೇಡಂ, ಸುಲಭ. ಈಗಿರುವ ಪೆನ್‌ಡ್ರೈವ್‌ನಿಂದ ಆಂಟಿಎಕ್ಸ್ ತೆರೆದು, ಇನ್ನೊಂದು ಪೆನ್‌ಡ್ರೈವ್ ಚುಚ್ಚಿ, ಅದನ್ನೇ ಹಾರ್ಡ್ ಡಿಸ್ಕ್ ಎಂದು ತೋರಿಸಿ ಪೂರ್ತಿ ಇನ್‌ಸ್ಟಾಲ್ ಮಾಡಿಬಿಡಿ. ಆಮೇಲೆ ಮಾಮೂಲಿ ಕಂಪ್ಯೂಟರ್ ಇದ್ದ ಹಾಗೆ ಎಲ್ಲವೂ ಉಳಿಯುತ್ತದೆ. ನನ್ನ ಇಡೀ ಐದನೇ ಸೆಮಿಸ್ಟರ್ ಹೀಗೆಯೇ ನಡೆದಿದೆ. 256 ಜಿಬಿಯದ್ದನ್ನೇ ಬಳಸಿ, ಜಾಗ ಧಾರಾಳವಾಗಿರುತ್ತದೆ.

ಹಳೇಕಬ್ಬಿಣ:

ಕೋಣೆ 17ರ ತಮ್ಮ, ನಿನ್ನ ಹಾಸ್ಟೆಲ್‌ಗೆ ಜನರೇಟರ್ ಇದೆ, ನಿನ್ನ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಮೇಡಂ ಅವರಿಗೆ ಎರಡೂ ಇಲ್ಲ. ಒಂದೇ ಮಳೆಗಾಲ ಸಾಕು, ಆ ಇನ್‌ಸ್ಟಾಲ್ ಎದ್ದು ನಿಲ್ಲುವುದಿಲ್ಲ.

ಮೇಡಂ, ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಒಂದು ಲೋಟ ಚಹಾ ಇಟ್ಟುಕೊಂಡು ಓದಿ.

ಮೊದಲು ಆ 256 ಜಿಬಿಯ ವಿಷಯ. ಅದನ್ನು ಪಕ್ಕಕ್ಕಿಡಿ. 300 ರೂಪಾಯಿಗೆ ಅಷ್ಟು ಜಾಗ ಯಾರೂ ಕೊಡುವುದಿಲ್ಲ. ಒಳಗೆ 8 ಜಿಬಿಯದ್ದೋ 16 ಜಿಬಿಯದ್ದೋ ಚಿಪ್ ಇರುತ್ತದೆ, ಅದರ ನಿಯಂತ್ರಕಕ್ಕೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಸರಿಯಾಗಿಯೇ ಇರುತ್ತದೆ. ಆಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ ಅಥವಾ ಹಳೆಯದರ ಮೇಲೆಯೇ ಕೂರುತ್ತದೆ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಒಳಗೆ ಕಸ. ನಂಬಿಕೆ ಬಾರದಿದ್ದರೆ ಡೆಬಿಯನ್ ಭಂಡಾರದಲ್ಲಿ (ಆಂಟಿಎಕ್ಸ್ ತನ್ನ ತಂತ್ರಾಂಶಗಳನ್ನು ತರುವ ಮೂಲ ಲಿನಕ್ಸ್ ಅದು) ಎಫ್3 ಎಂಬ ಪುಟ್ಟ ಉಪಕರಣವಿದೆ, ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯು. ಇಡೀ ಪೆನ್‌ಡ್ರೈವ್ ತುಂಬಿಸಿ, ತಿರುಗಿ ಓದಿ, ಬರೆದದ್ದೆಷ್ಟು ಉಳಿದದ್ದೆಷ್ಟು ಎಂದು ಲೆಕ್ಕ ಕೊಡುತ್ತದೆ. ನಿಮ್ಮ ಹಳೆಯ 16 ಜಿಬಿ ಈ ಕೆಲಸಕ್ಕೆ ಬೇಕಾದಷ್ಟಾಯಿತು. ಜೊತೆಗೆ ಒಳ್ಳೆಯ ಅಂಗಡಿಯಿಂದ ಇನ್ನೊಂದು 16ರದ್ದು ತನ್ನಿ. ಎರಡು ಏಕೆಂದು ಆಮೇಲೆ ಹೇಳುತ್ತೇನೆ.

ಮಿಂಟ್ ನಿಂತದ್ದಕ್ಕೆ ಕಾರಣ ಅದೇ ಹೇಳಿದೆ. ಎಕ್ಸ್86-64 ಎಂದರೆ 64 ಬಿಟ್, ಎನ್270 ಬರೀ 32 ಬಿಟ್‌ನ ಪ್ರೊಸೆಸರ್. ಮಿಂಟ್‌ನ ಮುಖ್ಯ ಆವೃತ್ತಿಗಳಲ್ಲಿ 32 ಬಿಟ್ ಇದ್ದದ್ದು 19.3ರವರೆಗೆ ಮಾತ್ರ. ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಯಂತ್ರಗಳಿಗೆ ಕರ್ನಲ್ಲನ್ನೂ ಇನ್‌ಸ್ಟಾಲರ್ ಅನ್ನೂ ಕೊಡುವುದನ್ನು ಬಿಟ್ಟಿತು. ಆಂಟಿಎಕ್ಸ್ 23 ಬಂದದ್ದು 2023ರಲ್ಲಿ, ಡೆಬಿಯನ್ 12ರ ಮೇಲೆ ನಿಂತಿದೆ. ಆದ್ದರಿಂದ ನಿಮ್ಮ ಅಕ್ಕನ ಮಗ ಎರಡನೇ ಸಲ ಆರಿಸಿದ್ದು ಸರಿಯಾಗಿಯೇ ಇದೆ. ಬರೆದ ರೀತಿ ಮಾತ್ರ ತಪ್ಪಿದೆ.

ಈಗ ಮಾಯದ ವಿಷಯ. ನಿಮಗೆ ಸ್ಕ್ರೀನ್ ಪ್ರಿಂಟಿಂಗ್‌ನವರ ಬಟರ್ ಪೇಪರ್ ಗೊತ್ತಿರುತ್ತದೆ. ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್ ಒಂದೇ ದೊಡ್ಡ, ಒತ್ತಿ ಕುಗ್ಗಿಸಿದ ಕಡತ. ಅದು ಓದುವುದಕ್ಕೆ ಮಾತ್ರ, ತಿದ್ದುವ ಹಾಗಿಲ್ಲ. ಯಂತ್ರ ಎದ್ದಾಗ ಅದರ ಮೇಲೆ, ಕರೆಂಟು ಹೋದರೆ ಖಾಲಿಯಾಗುವ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಒಂದು ಬಟರ್ ಪೇಪರ್ ಹಾಸುತ್ತದೆ. ನೀವು ಬರೆಯುವುದೆಲ್ಲ ಆ ಹಾಳೆಯ ಮೇಲೆ. ಕಣ್ಣಿಗೆ ಕೆಳಗಿನದೂ ಮೇಲಿನದೂ ಕೂಡಿ ಒಂದೇ ಆಗಿ ಕಾಣುತ್ತದೆ. ಶಟ್‌ಡೌನ್ ಮಾಡಿದಿರೋ, ಹಾಳೆ ಹರಿದು ಬುಟ್ಟಿಗೆ ಹೋಯಿತು. ಎಂಟು ಅಫಿಡವಿಟ್ಟುಗಳು ಹೋದದ್ದು ಅಲ್ಲಿಗೆ.

ಆ ಹಾಳೆಯನ್ನು ಮಡಚಿ ಎತ್ತಿಡುವ ವ್ಯವಸ್ಥೆ ಆಂಟಿಎಕ್ಸ್‌ನಲ್ಲಿ ಇದೆ, ಪರ್ಸಿಸ್ಟೆನ್ಸ್ ಎನ್ನುತ್ತಾರೆ. ಆದರೆ ಎಚರ್ ಐಎಸ್‌ಒ ಕಡತವನ್ನು (ನೆಟ್‌ನಿಂದ ಇಳಿಸಿಕೊಂಡ ಲಿನಕ್ಸಿನ ಗಂಟನ್ನು) ಹಾಗೆಯೇ ಸಿಡಿಯ ಅಚ್ಚಿನಂತೆ ಪೆನ್‌ಡ್ರೈವ್ ಮೇಲೆ ಒತ್ತಿಬಿಡುತ್ತದೆ. ಅಂಥದರಲ್ಲಿ ಬರೆಯಲು ಜಾಗವೇ ಇರುವುದಿಲ್ಲ. ಆದ್ದರಿಂದ ಹೀಗೆ ಮಾಡಿ. ಈಗಿನ ಪೆನ್‌ಡ್ರೈವ್‌ನಿಂದ ಯಂತ್ರ ತೆರೆಯಿರಿ, ಹೊಸದನ್ನು ಚುಚ್ಚಿ, ಮೆನುವಿನಲ್ಲಿ ಲೈವ್ ಯುಎಸ್‌ಬಿ ಮೇಕರ್ ಎಂದಿದೆ, ಅದನ್ನು ಓಡಿಸಿ. ಅದು ಹೊಸದರಲ್ಲಿ ಬರೆಯಬಹುದಾದ ವಿಭಾಗ ಮಾಡಿ ಕೊಡುತ್ತದೆ. ಆಮೇಲೆ ಹೊಸದರಿಂದ ತೆರೆಯುವಾಗ ಮೊದಲ ಮೆನುವಿನಲ್ಲಿ ಎಫ್5 ಒತ್ತಿದರೆ ಉಳಿಸುವ ಬಗೆಗಳ ಪಟ್ಟಿ ಬರುತ್ತದೆ. ಮುಖ್ಯವಾದವು ಎರಡು: ಪರ್ಸಿಸ್ಟ್ ರೂಟ್, ಪರ್ಸಿಸ್ಟ್ ಸ್ಟ್ಯಾಟಿಕ್. ರೂಟ್‌ನಲ್ಲಿ ಬಟರ್ ಪೇಪರ್ ದಿನವಿಡೀ ರ‍್ಯಾಮ್‌ನಲ್ಲೇ ಇದ್ದು, ಶಟ್‌ಡೌನ್ ಹೊತ್ತಿಗೆ ಅಥವಾ ನೀವು ಹೇಳಿದಾಗ ಪೆನ್‌ಡ್ರೈವ್‌ಗೆ ಇಳಿಯುತ್ತದೆ. ಸ್ಟ್ಯಾಟಿಕ್‌ನಲ್ಲಿ ಪ್ರತಿ ಗೀರೂ ಆಗಿಂದಾಗಲೇ ಪೆನ್‌ಡ್ರೈವ್‌ಗೆ ಹೋಗುತ್ತದೆ.

ಜನ ಕೇಳುತ್ತಾರೆ, ಆಗಿಂದಾಗ ಹೋಗುವುದೇ ಒಳ್ಳೆಯದಲ್ಲವೇ ಎಂದು. ಅಲ್ಲ. ನನ್ನ ಅಂಗಡಿಯ ಪಕ್ಕದಲ್ಲೇ ಪ್ರೆಸ್ ಇದೆ. ಪ್ಲೇಟ್ ಆದ ಮೇಲೆ ಒಂದು ಒತ್ತಕ್ಷರ ತಪ್ಪಿದೆ ಎಂದು ಗೊತ್ತಾದರೆ ಇಡೀ ಪ್ಲೇಟನ್ನೇ ಹೊಸದಾಗಿ ಮಾಡಿಸಬೇಕು. ಫ್ಲ್ಯಾಶ್ ಚಿಪ್ಪಿನದೂ ಅದೇ ಹಣೆಬರಹ. ಒಂದು ಸಣ್ಣ ತಿದ್ದುಪಡಿಗೂ ಅದು ದೊಡ್ಡದೊಂದು ಬ್ಲಾಕ್ ಅಳಿಸಿ ಮತ್ತೆ ಬರೆಯಬೇಕು. ಬ್ರೌಸರ್ ತೆರೆದಿದ್ದರೆ ಸಾಕು, ನೀವು ಸುಮ್ಮನೆ ಕೂತಿದ್ದರೂ ಅದು ಕ್ಯಾಶ್ (ಪುಟಗಳ ತಾತ್ಕಾಲಿಕ ನಕಲು) ಎಂದು ಏನೋ ಗೀಚುತ್ತಲೇ ಇರುತ್ತದೆ. ಅಗ್ಗದ ಪೆನ್‌ಡ್ರೈವ್ ಅದಕ್ಕೇ ಏದುಸಿರು ಬಿಡುತ್ತದೆ, ಅದಕ್ಕೇ ಬೇಗ ಸಾಯುತ್ತದೆ. ಹಾಗೆ ಬರೆಯುತ್ತಿರುವಾಗಲೇ ನಿಮ್ಮ ಕರೆಂಟು ಕಣ್ಣು ಮಿಟುಕಿಸಿದರೆ ಅರ್ಧ ಬರೆದ ಬ್ಲಾಕಿನಲ್ಲಿ ಕಡತ ವ್ಯವಸ್ಥೆಯೇ ಮುಗ್ಗರಿಸುತ್ತದೆ. ನನ್ನ ಮೇಜಿಗೆ ಬರುವ ಸತ್ತ ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಿನವು ಹೀಗೆ ಹಾರ್ಡ್ ಡಿಸ್ಕಿನ ವೇಷ ಹಾಕಿಸಿಕೊಂಡು ಕುಣಿದು ಸತ್ತವು. ಪೆನ್‌ಡ್ರೈವನ್ನು ಅಟ್ಟದ ಮೇಲಿನ ಹಂಡೆಯ ಹಾಗೆ ನೋಡಿಕೊಳ್ಳಬೇಕು, ಬೇಕಾದಾಗ ಮಾತ್ರ ಇಳಿಸುವುದು.

ಹಾಗಾಗಿ ನಿಮಗೆ ಪರ್ಸಿಸ್ಟ್ ರೂಟ್. ಮೊದಲ ಸಲ ಎಷ್ಟು ದೊಡ್ಡ ಕಡತ ಬೇಕೆಂದು ಕೇಳುತ್ತದೆ, 2 ಜಿಬಿ ಸಾಕು. ಪಾಸ್‌ವರ್ಡ್ ಬದಲಿಸಿ ಎನ್ನುತ್ತದೆ, ಬದಲಿಸಿ. ಶಟ್‌ಡೌನ್ ಹೊತ್ತಿಗೆ ತಾನಾಗಿ ಉಳಿಸಲೇ, ನಿಮ್ಮನ್ನು ಕೇಳಿ ಉಳಿಸಲೇ ಎನ್ನುತ್ತದೆ, ಕೇಳಿ ಉಳಿಸು ಎನ್ನಿ. ಒಂದು ತೊಡಕಿದೆ. ಹಾಳೆ ರ‍್ಯಾಮ್‌ನಲ್ಲಿರುವುದರಿಂದ, 1 ಜಿಬಿಯ ಯಂತ್ರದಲ್ಲಿ ದೊಡ್ಡ ತಂತ್ರಾಂಶ ಹಾಕಲು ಹೋದರೆ ಉಸಿರು ಕಟ್ಟುತ್ತದೆ. ಅಂಥ ದಿನ, ಕರೆಂಟು ಗಟ್ಟಿಯಾಗಿರುವ ಬೆಳಗಿನ ಹೊತ್ತು ನೋಡಿ, ಒಂದು ಸಲಕ್ಕೆ ಮಾತ್ರ ಸ್ಟ್ಯಾಟಿಕ್ ಆರಿಸಿ ತೆರೆದು, ಹಾಕುವುದನ್ನು ಹಾಕಿ, ಮತ್ತೆ ರೂಟ್‌ಗೆ ಬನ್ನಿ. ಕಡತ ಎರಡಕ್ಕೂ ಅದೇ.

ಈಗ ನಿಜವಾದ ಮಾತು. ನಿಮ್ಮ ಅಫಿಡವಿಟ್ಟುಗಳನ್ನು ಆ ಹಾಳೆಯ ಮೇಲೆ ಇಡಲೇಬೇಡಿ. ಹೋಮ್ ಫೋಲ್ಡರ್ ಒಳಗೆ ಲೈವ್-ಯುಎಸ್‌ಬಿ-ಸ್ಟೋರೇಜ್ ಎಂಬ ಫೋಲ್ಡರ್ ಕಾಣುತ್ತದೆ. ಅದು ಬಟರ್ ಪೇಪರಿನ ಹೊರಗಿನದು, ನೇರವಾಗಿ ಪೆನ್‌ಡ್ರೈವ್. ಅಲ್ಲಿ ಸೇವ್ ಮಾಡಿದ್ದು ಅಲ್ಲೇ ಇರುತ್ತದೆ. ಲಿನಕ್ಸ್ ಪೂರ್ತಿ ಕೆಟ್ಟು ಹೊಸದಾಗಿ ಹಾಕಬೇಕಾಗಿ ಬಂದರೂ, ಬೇರೆ ಪೆನ್‌ಡ್ರೈವ್‌ನಿಂದ ಎದ್ದು ಆ ಫೋಲ್ಡರನ್ನು ನಕಲು ಮಾಡಿಕೊಳ್ಳಬಹುದು. ಲಿಬ್ರೆ ಆಫೀಸಿನಲ್ಲಿ ಐದು ನಿಮಿಷಕ್ಕೊಮ್ಮೆ ಮೂಲ ಕಡತವನ್ನೇ ತಾನಾಗಿ ಉಳಿಸುವ ಆಯ್ಕೆಯನ್ನು ಹಾಕಿಕೊಳ್ಳಿ. ಕರೆಂಟು ಹೋದರೆ ಐದು ನಿಮಿಷದ ಟೈಪಿಂಗ್ ಹೋಗಬಹುದು, ಐದು ವರ್ಷದ್ದಲ್ಲ.

ಎರಡನೇ ಪೆನ್‌ಡ್ರೈವ್ ಯಾಕೆಂದರೆ, ಎಲ್ಲ ಹೊಂದಿಸಿ ಆದ ಮೇಲೆ ಅದೇ ಲೈವ್ ಯುಎಸ್‌ಬಿ ಮೇಕರ್‌ನಿಂದ ಹಳೆಯ 16ರ ಮೇಲೆ ಇನ್ನೊಂದು ಮಾಡಿಡಿ. ಅದನ್ನು ಅಂಗಡಿಯಲ್ಲಿ ಇಡಬೇಡಿ.

ನಾಯಿಮರಿ ಪಕ್ಷಪಾತಿ:

ಯಾರೂ ಪಪ್ಪಿ ಲಿನಕ್ಸ್ ಹೆಸರು ಎತ್ತಲಿಲ್ಲ, ಹಾಗಾಗಿ ನಾನು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಹಳೇಕಬ್ಬಿಣ ಅವರು ಹೇಳಿದ ಬಟರ್ ಪೇಪರ್ ಲೆಕ್ಕಾಚಾರವನ್ನು ಪಪ್ಪಿ ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದೆ. ಮೊದಲ ಶಟ್‌ಡೌನ್ ಹೊತ್ತಿಗೆ ಉಳಿಸಬೇಕೇ ಎಂದು ಅದೇ ಕೇಳುತ್ತದೆ. ಪೆನ್‌ಡ್ರೈವ್‌ನಿಂದ ಓಡುವಾಗ ಅರ್ಧ ಗಂಟೆಗೊಮ್ಮೆ ತಾನಾಗಿ ಇಳಿಸುತ್ತದೆ. ಆ ಅವಧಿಯನ್ನು ಸೊನ್ನೆ ಮಾಡಿಟ್ಟರೆ, ಡೆಸ್ಕ್‌ಟಾಪಿನ ಮೇಲಿರುವ ಸೇವ್ ಚಿತ್ರವನ್ನು ಒತ್ತಿದಾಗ ಅಥವಾ ಮುಚ್ಚುವಾಗ ಮಾತ್ರ. ಎನ್270ರಲ್ಲಿ ಬಯೋನಿಕ್‌ಪಪ್32 ಗುಬ್ಬಚ್ಚಿಯ ಹಾಗೆ ಹಾರುತ್ತದೆ.

ನ್ಯಾಯವಾಗಿ ಎರಡು ಕುಂದುಗಳನ್ನೂ ಹೇಳಬೇಕು. ಬಯೋನಿಕ್‌ಪಪ್ ನಿಂತಿರುವುದು ಉಬುಂಟು 18.04ರ ಪ್ಯಾಕೇಜುಗಳ ಮೇಲೆ, ಅದರ ಸಾಮಾನ್ಯ ಬೆಂಬಲ 2023ರಲ್ಲೇ ಮುಗಿದಿದೆ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ. ಪಪ್ಪಿಯಲ್ಲಿ ಎಲ್ಲವೂ ರೂಟ್ ಬಳಕೆದಾರನಾಗಿಯೇ, ಅಂದರೆ ಏನನ್ನೂ ಬದಲಿಸುವ ಪೂರ್ಣ ಅಧಿಕಾರದಲ್ಲೇ ನಡೆಯುತ್ತದೆ, ಅದೂ ಕೆಲವರಿಗೆ ಹಿಡಿಸುವುದಿಲ್ಲ. ಬರೀ ಟೈಪಿಂಗ್‌ಗೆ, ನೆಟ್ ಮುಟ್ಟದೆ ಬಳಸುವುದಾದರೆ ನನ್ನ ಮತ ನಾಯಿಮರಿಗೇ.

ಸೊರಬದ ಟೈಪಿಸ್ಟ್:

ಹಳೇಕಬ್ಬಿಣ ಸರ್, ಎರಡು ಲೋಟ ಚಹಾ ಬೇಕಾಯಿತು. ಬಟರ್ ಪೇಪರ್ ಎಂದ ಕೂಡಲೇ ಅರ್ಥವಾಯಿತು, ನೂರು ಮದುವೆ ಕಾಗದಕ್ಕೆ ಅದರಲ್ಲಿ ಪ್ರಿಂಟ್ ತೆಗೆದುಕೊಟ್ಟಿದ್ದೇನೆ.

256 ಜಿಬಿಯದ್ದನ್ನು ಮಗ ಎಫ್3ರಿಂದ ನೋಡಿದ. ಒಳಗೆ ಇದ್ದದ್ದು ಎಂಟಕ್ಕಿಂತ ಕಡಿಮೆ. ಮಾರಿದವನು ಈಗ ಬಸ್ ನಿಲ್ದಾಣದಲ್ಲಿ ಛತ್ರಿ ಮಾರುತ್ತಿದ್ದಾನೆ, ಹೋಗಿ ಕೇಳಿದರೆ ನಿಮ್ಮ ಕಂಪ್ಯೂಟರ್ ಸಣ್ಣದಲ್ಲವೇ, ಅದಕ್ಕೆ ಅಷ್ಟೇ ಕಾಣುತ್ತದೆ ಎಂದ.

ನುಡಿ ವಿಷಯ ಯಾರೂ ಹೇಳಲಿಲ್ಲ. ಹಳೆಯ ಕಂಪ್ಯೂಟರಿನಿಂದ ತಂದ ಕರಾರಿನ ಮಾದರಿ ತೆರೆದರೆ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಏನೇನೋ ಬರುತ್ತಿದೆ.

ಹಾಸ್ಟೆಲ್ ಕೋಣೆ 17:

ಜನರೇಟರ್ ವಿಷಯದಲ್ಲಿ ಸೋಲೊಪ್ಪಿದ್ದೇನೆ. ಇದಕ್ಕೆ ನಾನು ಉತ್ತರಿಸುತ್ತೇನೆ, ನನ್ನ ತಂದೆಯವರಿಗೂ ಇದೇ ಹೊಂದಿಸಿಕೊಟ್ಟಿದ್ದೆ.

ಮೇಡಂ, ಪ್ಯಾಕೇಜ್ ಪಟ್ಟಿಯಲ್ಲಿ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ, ಬೇರೆ ಬೇರೆ ಭಾಷೆಯ ಕೀಲಿಮಣೆ ಕೊಡುವ ತಂತ್ರಾಂಶಗಳನ್ನು ಹಾಕಿಕೊಳ್ಳಿ. ಅದರಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿರುವುದನ್ನು ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅದು, ನುಡಿಯ ಬೆರಳಭ್ಯಾಸ ಉಳಿಯುತ್ತದೆ, ಒತ್ತಿಗೆ ಅದೇ ಎಫ್ ಕೀಲಿ. ಅಕ್ಷರಶೈಲಿಗೆ ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೂರೂ ಡೆಬಿಯನ್ ಭಂಡಾರದಲ್ಲಿವೆ. ಚಿಕ್ಕ ಪರದೆಯಲ್ಲಿ ನನಗೆ ಗುಬ್ಬಿ ಚೆನ್ನಾಗಿ ಕಂಡಿತು.

ನಿಮ್ಮ ಹಳೆಯ ಮಾದರಿಗಳು ಯೂನಿಕೋಡ್‌ನಲ್ಲಿಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದು ಗುರುತಿಸುವ ಸಂಕೇತದಲ್ಲಿಲ್ಲ. ಕಂಪ್ಯೂಟರಿನ ಕಣ್ಣಿಗೆ ಅವು ಇಂಗ್ಲಿಷ್ ಗುರುತುಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ಮುಖವಾಡ ಹಾಕುತ್ತದೆ. ಅಂಗಡಿಯ ಕಂಪ್ಯೂಟರಿನಿಂದ ಆ ಫಾಂಟ್ ಕಡತವನ್ನು ನಕಲು ಮಾಡಿ, ಹೋಮ್ ಒಳಗೆ ಫಾಂಟ್ಸ್ ಎಂಬ ಅಡಗಿದ (ಹೆಸರಿನ ಮುಂದೆ ಚುಕ್ಕಿ ಇರುವ) ಫೋಲ್ಡರ್ ಮಾಡಿ ಹಾಕಿದರೆ ಓದಲು, ಮುದ್ರಿಸಲು ಬರುತ್ತದೆ. ತಿದ್ದಬೇಕಾದ ಮಾದರಿಗಳನ್ನು ಮಾತ್ರ ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ತಂದೆಯವರ ಒಂದು ಪತ್ರದಲ್ಲಿ ಎಲ್ಲ ಅರ್ಜಿಗಳೂ ಅಜಿಗಳಾಗಿದ್ದವು.

ಹಳೇಕಬ್ಬಿಣ:

ತಮ್ಮ, ಇದು ಕೆಲಸದ ಮಾತು.

ಮೇಡಂ, ಐಬಸ್ ಹಾಕುವ ದಿನವೇ ಸ್ಟ್ಯಾಟಿಕ್ ದಿನ ಎಂದು ನೆನಪಿರಲಿ. ಪ್ರಿಂಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೆರಾಕ್ಸ್ ಅಂಗಡಿಗಳಲ್ಲಿರುವ ಹಳೆಯ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಹೊಂದಿಸುವುದರಲ್ಲಿ ಒಂದು ವಾರ ಹೋಗುತ್ತದೆ. ಆ ಗೋಜಿಗೆ ಹೋಗಬೇಡಿ. ಪಿಡಿಎಫ್ ಮಾಡಿ, ಮಗನ ಕಂಪ್ಯೂಟರಿನಿಂದ ಮುದ್ರಿಸಿ. ಮುಖವಾಡದ ಫಾಂಟೂ ಪಿಡಿಎಫ್ ಒಳಗೇ ಕೂತು ಹೋಗುತ್ತದೆ.

ಸೊರಬದ ಟೈಪಿಸ್ಟ್:

ಮೂರು ವಾರದ ವರದಿ. ಹೊಸ 16 ಜಿಬಿಯಿಂದ ದಿನವೂ ತೆರೆಯುತ್ತಿದ್ದೇನೆ. ಎದ್ದು ಕೂರಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಅಂಗಡಿಯ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಆಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಎರಡನೇ ಪುಟ ತೆರೆದರೆ ಮುನಿಸಿಕೊಳ್ಳುತ್ತದೆ, ಅದನ್ನು ಬಿಟ್ಟಿದ್ದೇನೆ. ಮೊನ್ನೆ ಮಂಗಳವಾರ ಒಂದೇ ಮಧ್ಯಾಹ್ನ ಏಳು ಸಲ ಕರೆಂಟು ಹೋಯಿತು. ಒಂದು ಕರಾರಿನ ಕೊನೆಯ ನಾಲ್ಕು ಸಾಲು ಮಾತ್ರ ಹೋಯಿತು, ಬಾಡಿಗೆದಾರ ಎದುರಿಗೇ ಕೂತಿದ್ದ, ಮತ್ತೆ ಹೇಳಿಸಿಕೊಂಡೆ.

ಇನ್ನೊಂದು ಸಂಗತಿ ನಡೆಯಿತು. ಒಬ್ಬರು ಮಗಳ ನಿಶ್ಚಿತಾರ್ಥದ ಫೋಟೋ ಇದ್ದ ಪೆನ್‌ಡ್ರೈವ್ ತಂದರು. ಎಲ್ಲಿ ಚುಚ್ಚಿದರೂ ಫೋಲ್ಡರ್ ಬದಲು ಶಾರ್ಟ್‌ಕಟ್ ಕಾಣುತ್ತದಂತೆ, ಎರಡು ಅಂಗಡಿಯವರು ಫಾರ್ಮ್ಯಾಟ್ ಮಾಡಿ ಎಂದಿದ್ದಾರೆ. ನನ್ನ ಪುಟ್ಟ ಯಂತ್ರಕ್ಕೆ ಚುಚ್ಚಿದೆ. ಶಾರ್ಟ್‌ಕಟ್ಟುಗಳ ಜೊತೆಗೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡಿತು, ತೆರೆದರೆ ಹುಡುಗಿ ಉಂಗುರ ತೊಡಿಸಿಕೊಳ್ಳುತ್ತಿದ್ದಾಳೆ! ಅಷ್ಟೂ ಫೋಟೋಗಳನ್ನು ಅವರ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿದೆ, ನಕಲು ಮುಗಿಯಿತು ಎಂದು ಬಂದ ಮೇಲೆಯೇ ಕಿತ್ತುಕೊಟ್ಟೆ. ಮನೆಗೆ ಹೋಗಿ ನೋಡಿದರೆ ಕೊನೆಯ ಮೂವತ್ತು ಫೋಟೋ ಅರ್ಧಂಬರ್ಧ ಎಂದು ಫೋನ್ ಮಾಡಿದರು. ಈ ಪೆನ್‌ಡ್ರೈವ್ ಕೂಡ ಛತ್ರಿಯವನದ್ದೇ?

ಹಳೇಕಬ್ಬಿಣ:

ಅಲ್ಲ, ಈ ಸಲ ತಪ್ಪು ನಿಮ್ಮದು. ಲಿನಕ್ಸ್ ನಕಲು ಮಾಡುವಾಗ ಮೊದಲು ರ‍್ಯಾಮ್‌ಗೆ ತುಂಬಿಕೊಂಡು, ಮುಗಿಯಿತು ಎಂದು ನಿಮಗೆ ಹೇಳಿ, ಪೆನ್‌ಡ್ರೈವ್‌ಗೆ ನಿಧಾನವಾಗಿ ಇಳಿಸುತ್ತಿರುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಆ ಪೆನ್‌ಡ್ರೈವ್ ಮೇಲೆ ಬಲಗುಂಡಿ ಒತ್ತಿ ಅನ್‌ಮೌಂಟ್ ಕೊಡಿ. ಬಾಕಿ ಇದ್ದದ್ದನ್ನೆಲ್ಲ ಇಳಿಸಿ ಮುಗಿಸಿದ ಮೇಲೆಯೇ ಅದು ಬಿಡುತ್ತದೆ. ಪೆನ್‌ಡ್ರೈವ್‌ಗೆ ದೀಪವಿದ್ದರೆ ಅದು ಮಿನುಗುತ್ತಿರುವವರೆಗೆ ಗಿರಾಕಿಯನ್ನು ಮಾತಿಗೆಳೆದು ಕೂರಿಸಿಕೊಳ್ಳಿ.

ಮೂಲ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಲ್ಲ ತಾನೇ? ಹಾಗಾದರೆ ಅವರನ್ನು ಇನ್ನೊಮ್ಮೆ ಬರಹೇಳಿ. ಫೋಟೋಗಳನ್ನು ನಕಲು ಮಾಡಿಕೊಂಡಾದ ಮೇಲೆ ಆ ಶಾರ್ಟ್‌ಕಟ್ಟುಗಳನ್ನೂ, ಜೊತೆಯಲ್ಲಿ ವಿಬಿಎಸ್ ಅಥವಾ ಇಎಕ್ಸ್‌ಇ ಎಂದು ಕೊನೆಯಾಗುವ ಅಪರಿಚಿತ ಕಡತಗಳಿದ್ದರೆ ಅವನ್ನೂ ಅಳಿಸಿಯೇ ಕೊಡಿ. ಇಲ್ಲದಿದ್ದರೆ ನಿಮ್ಮ ಮಗನ ಕಂಪ್ಯೂಟರಿಗೆ ಅದು ಬರುತ್ತದೆ.

ಸೊರಬದ ಟೈಪಿಸ್ಟ್:

ಮಾಡಿಲ್ಲ, ಪುಣ್ಯ. ನಾಳೆ ಸಂತೆಗೆ ಬರುವಾಗ ತರುತ್ತಾರಂತೆ. ಎರಡನೇ 16 ಜಿಬಿಯನ್ನೂ ನಿನ್ನೆ ರಾತ್ರಿ ಮಾಡಿಟ್ಟೆ, ಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇದೆ.